ಕೆರೆಯಂಗಳದ ಕೆಸರು ಮತ್ತು ಶರತ್ಕಾಲದ ಹಕ್ಕಿಗಳು

ಆಶ್ವಯುಜ ಮಾಸದ ಒಂದು ಬೆಳಗ್ಗೆ ಬಯಲುಸೀಮೆಯ ಯಾವುದಾದರೂ ಊರಿನ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ನೀರು. ತೂಬಿನ ಕಲ್ಲುಕಂಬದ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಸ್ವಲ್ಪ ದೂರದಲ್ಲಿ ನಾಮದ ಕೋಳಿಗಳು ತೇಲುತ್ತಿರುತ್ತವೆ. ಬಹುಮಂದಿ ಇಷ್ಟನ್ನು ಕಂಡು ಹಿಂದಿರುಗುತ್ತಾರೆ. ಆದರೆ ಏರಿಯಿಂದ ಇಳಿದು, ಕೋಡಿಯ ಬದಿಯಿಂದ ಸುತ್ತಿಕೊಂಡು, ಹಳ್ಳಗಳು ಬಂದು ಕೆರೆಯನ್ನು ಸೇರುವ ಹಿಂಭಾಗಕ್ಕೆ ಹೋದವರಿಗೆ ಬೇರೊಂದು ಕೆರೆಯೇ ಕಾಣುತ್ತದೆ. ಅಲ್ಲಿ ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಹೊಳೆಯುವ ಬೂದುಬಣ್ಣದ ಕೆಸರು ವಿಶಾಲವಾಗಿ ಹರಡಿರುತ್ತದೆ. ಮೊದಲ ನೋಟಕ್ಕೆ ಅದು ಬರಿದು. ಐದು ನಿಮಿಷ ಕದಲದೆ ನಿಂತರೆ, ಆ ಕೆಸರಿನ ಹೆಂಟೆಗಳಲ್ಲಿ ಕೆಲವು ಓಡಲು ತೊಡಗುತ್ತವೆ!

ಹೀಗೆ ಓಡುವ ಹೆಂಟೆಗಳಲ್ಲಿ ಅತಿ ಚಿಕ್ಕದು ಲಿಟ್ಲ್ ಸ್ಟಿಂಟ್ ಎಂಬ ಹಕ್ಕಿ. ಅದರ ತೂಕ ಗುಬ್ಬಚ್ಚಿಯ ತೂಕದಷ್ಟೇ. ಇಪ್ಪತ್ತರಿಂದ ಮೂವತ್ತು ಗ್ರಾಂ. ಎರಡು ಮೂರು ತಿಂಗಳ ಹಿಂದೆ ಅದು ಉತ್ತರ ಧ್ರುವವೃತ್ತದ ಆಚೆ ಇದ್ದಿತು. ಇಷ್ಟು ಅಲ್ಪಕಾಯದ ಪ್ರಾಣಿ ಅಷ್ಟು ದೂರದಿಂದ ಬಂದುದು ಏತಕ್ಕೆ? ನಾವು ಮೂಗು ಮುಚ್ಚಿಕೊಂಡು ದಾಟುವ ಈ ಕೆಸರಿನಲ್ಲಿ ಅದಕ್ಕೆ ದೊರೆಯುವುದೇನು? ಕೆರೆಯಲ್ಲಿ ನೀರು ಹೆಚ್ಚಾಗಿದ್ದರೆ ಅದಕ್ಕೆ ಲಾಭವೋ ನಷ್ಟವೋ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಕೆರೆಯ ಎರಡು ಮುಖಗಳು

ನಮ್ಮ ನಾಡಿನ ಕೆರೆಗಳು ಬಹುಮಟ್ಟಿಗೆ ಮನುಷ್ಯನು ಕಟ್ಟಿದವು. ಇಳಿಜಾರು ಕಡಮೆಯಾದ ಕಣಿವೆಯೊಂದಕ್ಕೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ ಮಳೆಯ ನೀರನ್ನು ತಡೆದು ನಿಲ್ಲಿಸುವುದು ಹಿಂದಿನವರ ಕ್ರಮ. ಕರ್ನಾಟಕದಲ್ಲಿ ಇಂಥ ಕೆರೆಗಳು ಮೂವತ್ತು ಸಾವಿರಕ್ಕೂ ಹೆಚ್ಚಾಗಿವೆ. ಈ ರಚನೆಯಿಂದ ಕೆರೆಗೆ ಎರಡು ಮುಖಗಳು ಉಂಟಾಗುತ್ತವೆ. ಏರಿಯ ಬುಡದಲ್ಲಿ ನೀರು ಆಳ. ಅಲ್ಲಿಂದ ಹಿಂದಕ್ಕೆ ಹೋದಂತೆಲ್ಲ ನೆಲ ಮೆಲ್ಲಮೆಲ್ಲನೆ ಏರುತ್ತ ನೀರು ತೆಳ್ಳಗಾಗುತ್ತ ಬಂದು, ಕೊನೆಗೆ ಹುಲ್ಲುಗಾವಲಿನಲ್ಲಿ ಮುಗಿಯುತ್ತದೆ. ಈ ಹಿಂಭಾಗವನ್ನು ಕೆರೆಯಂಗಳವೆಂದು ಕರೆಯುವುದು ವಾಡಿಕೆ. ಹಳ್ಳಗಳು ಹೊತ್ತು ತರುವ ಮರಳು ಮೊದಲು ಇಳಿದು, ನುಣುಪಾದ ಗೋಡುಮಣ್ಣು ಇನ್ನೂ ಮುಂದಕ್ಕೆ ಸಾಗಿ ಅಂಗಳದಲ್ಲಿ ನೆಲೆಯೂರುತ್ತದೆ. ನಮ್ಮ ಹಕ್ಕಿಗಳ ಕೆಸರು ಇದೇ.

ಸಮುದ್ರದ ಅಳಿವೆಗಳಲ್ಲಿಯೂ ಕೆಸರಿನ ಬಯಲು ಉಂಟು. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಗೆ ಹೋದರೆ ದಿನಕ್ಕೆ ಎರಡು ಸಲ ನೀರು ಇಳಿದು ಕೆಸರು ತೆರೆದುಕೊಳ್ಳುವುದನ್ನೂ, ಮತ್ತೆ ಎರಡು ಸಲ ಮುಚ್ಚಿಹೋಗುವುದನ್ನೂ ಕಾಣಬಹುದು. ಕೆರೆಗೆ ಹೀಗೆ ದಿನದಿನದ ಭರತ ಇಳಿತಗಳಿಲ್ಲ. ಅದರ ಭರತ ಇಳಿತ ವರ್ಷಕ್ಕೊಂದು. ಮುಂಗಾರು ಹಿಂಗಾರುಗಳಲ್ಲಿ ಅದು ತುಂಬುತ್ತದೆ. ಮಳೆ ಬಿಡುವು ಕೊಟ್ಟಾಗ ತೂಬಿನಿಂದ ಗದ್ದೆಗೆ ಹರಿದೂ ಬಿಸಿಲಿಗೆ ಆವಿಯಾಗಿಯೂ ಇಳಿಯುತ್ತದೆ. ಶರತ್ಕಾಲದಲ್ಲಿ ಈ ಏರಿಳಿತ ಬಹು ಸೂಕ್ಷ್ಮವಾಗಿರುತ್ತದೆ. ಒಂದು ಮಳೆ ಬಂದರೆ ನೀರಂಚು ಮುಂದೆ ಸರಿಯುವುದು. ನಾಲ್ಕು ದಿನ ಬಿಸಿಲು ಬಿದ್ದರೆ ಹಿಂದೆ ಸರಿಯುವುದು. ಕಾರ್ತಿಕ ಮಾಸ ಕಳೆದ ಮೇಲೆ ಅದು ಹಿಂದೆಯೇ ಸರಿಯುತ್ತ ಹೋಗುವುದು. ಕೆರೆ ಕೋಡಿ ಬಿದ್ದ ವರ್ಷಗಳಲ್ಲಿ ಕೆಸರು ತಡವಾಗಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಹಕ್ಕಿಗಳು ಗದ್ದೆಗಳಲ್ಲಿಯೂ ಸಣ್ಣ ಕಟ್ಟೆಗಳ ಅಂಚಿನಲ್ಲಿಯೂ ಕಾಲ ಕಳೆಯುತ್ತವೆ.

ಬಂದವರು ಯಾರು?

ನೀರಂಚಿನಲ್ಲಿ ನಡೆದಾಡುತ್ತ ಕೆಸರಿನಿಂದ ಆಹಾರವನ್ನು ಹೆಕ್ಕುವ ಈ ಹಕ್ಕಿಗಳಿಗೆ ಒಟ್ಟಾಗಿ ತೀರಪಕ್ಷಿಗಳೆಂದು ಹೆಸರಿಡಬಹುದು. ಇವುಗಳಲ್ಲಿ ಕೆಲವು ನಮ್ಮಲ್ಲಿಯೇ ಹುಟ್ಟಿ ಬೆಳೆದವು. ಪಂಚತಂತ್ರದಲ್ಲಿ ಸಮುದ್ರದೊಡನೆಯೇ ಹಟ ತೊಟ್ಟ ಟಿಟ್ಟಿಭ, ಉದ್ದವಾದ ಕೆಂಪು ಕಾಲುಗಳ ಮೆಟ್ಟುಗಾಲು ಹಕ್ಕಿ ಮುಂತಾದವು ವರ್ಷವಿಡೀ ಇಲ್ಲಿ ಕಾಣಸಿಗುವುವು. ಇವುಗಳ ನಡುವೆ ಆಗಸ್ಟ್ ತಿಂಗಳಿನಿಂದ ಮೊದಲ್ಗೊಂಡು ವಲಸೆಯ ಹಕ್ಕಿಗಳು ಒಂದೊಂದಾಗಿ ಬಂದು ಸೇರುತ್ತವೆ. ಕನ್ನಡದಲ್ಲಿ ಗೊರವ, ಗದ್ದೆಗೊರವ ಎಂದು ಕರೆಯುವ ಸ್ಯಾಂಡ್‌ಪೈಪರ್‌ಗಳು, ಟಿಟ್ಟಿಭದ ಬಳಗಕ್ಕೆ ಸೇರಿದ ಪ್ಲವರ್‌ಗಳು, ಉಲ್ಲಂಕಿಗಳು, ರಫ್, ಗಾಡ್ವಿಟ್ ಮೊದಲಾದವು ಇವುಗಳಲ್ಲಿ ಮುಖ್ಯ.

ಇವೆಲ್ಲವೂ ಒಂದೇ ಊರಿನಿಂದ ಬಂದವಲ್ಲ. ಕಾಮನ್ ಸ್ಯಾಂಡ್‌ಪೈಪರ್ ಯೂರೋಪು ಏಷ್ಯಗಳ ಹೊಳೆದಂಡೆಗಳಲ್ಲಿ ಗೂಡು ಮಾಡುತ್ತದೆ. ಹಿಮಾಲಯದ ತೊರೆಗಳ ಬದಿಯಲ್ಲಿಯೂ ಮಾಡುವುದುಂಟು. ಗ್ರೀನ್ ಸ್ಯಾಂಡ್‌ಪೈಪರ್ ಉತ್ತರದ ಕಾಡುಗಳಲ್ಲಿ ಇತರ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡುಗಳಲ್ಲಿ, ಮರದ ಮೇಲೆ, ಮೊಟ್ಟೆಯಿಡುತ್ತದೆ. ಜೀವಮಾನದ ಬಹುಭಾಗವನ್ನು ಕೆಸರಿನಲ್ಲಿ ಕಳೆಯುವ ಹಕ್ಕಿಗೆ ಇದೊಂದು ವಿಚಿತ್ರ ಪದ್ಧತಿ. ಲಿಟ್ಲ್ ಸ್ಟಿಂಟ್ ಇನ್ನೂ ಉತ್ತರಕ್ಕೆ, ಮರವೇ ಬೆಳೆಯದ ತುಂಡ್ರಾ ಪ್ರದೇಶಕ್ಕೆ ಹೋಗುತ್ತದೆ. ಸೈಬೀರಿಯದ ತೈಮಿರ್ ಪರ್ಯಾಯದ್ವೀಪ ಅದರ ತವರುಗಳಲ್ಲೊಂದು.

ಭೂಪಟವನ್ನು ತೆರೆದು ಈ ದೂರವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ತೈಮಿರ್ ಸುಮಾರು 72 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಬೆಂಗಳೂರು ಸುಮಾರು 13 ಡಿಗ್ರಿಯಲ್ಲಿದೆ. ವ್ಯತ್ಯಾಸ 59 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರಿನಂತೆ ಗುಣಿಸಿದರೆ ಆರೂವರೆ ಸಾವಿರ ಕಿಲೋಮೀಟರು! ಹಕ್ಕಿ ಸೂಲು ಹಿಡಿದಂತೆ ನೇರವಾಗಿ ಹಾರುವುದಿಲ್ಲ. ಬೆಟ್ಟ ಮರುಭೂಮಿಗಳನ್ನು ಬಳಸಿಯೂ ಬರಬೇಕು. ಆದುದರಿಂದ ನಿಜವಾದ ದಾರಿ ಇದಕ್ಕಿಂತ ಉದ್ದವಾದುದು.

ಪ್ರಯಾಣದ ಸಿದ್ಧತೆ

ಧ್ರುವಪ್ರದೇಶದ ಬೇಸಗೆ ಬಹು ಚಿಕ್ಕದು. ಆದರೆ ಆ ದಿನಗಳಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ಹಿಮ ಕರಗಿದ ನೆಲದಿಂದ ಕೀಟಗಳು ಅಸಂಖ್ಯವಾಗಿ ಏಳುತ್ತವೆ. ತೀರಪಕ್ಷಿಯ ಮರಿ ಮೊಟ್ಟೆಯಿಂದ ಹೊರಬಿದ್ದ ದಿನದಿಂದಲೇ ಓಡಾಡಿ ತನ್ನ ಆಹಾರವನ್ನು ತಾನೇ ಹೆಕ್ಕುತ್ತದೆ. ಮರಿಗಳನ್ನು ಬೆಳೆಸುವುದಕ್ಕೆ ಇಷ್ಟು ಅನುಕೂಲವಾದ ಸ್ಥಳ ಮತ್ತೊಂದಿಲ್ಲ. ಆದರೆ ಬೇಸಗೆ ಮುಗಿದ ಕೂಡಲೇ ಕೆಸರೆಲ್ಲ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಕೊಕ್ಕು ಇಳಿಯದ ನೆಲದಲ್ಲಿ ಈ ಹಕ್ಕಿಗೆ ಬಾಳುವೆಯಿಲ್ಲ. ಅದು ಓಡಿಬರುವುದು ಚಳಿಯಿಂದ ಎನ್ನುವುದಕ್ಕಿಂತ ಹಸಿವಿನಿಂದ ಎಂದರೆ ಹೆಚ್ಚು ಸರಿ.

ಹೊರಡುವ ಮುಂಚೆ ಹಕ್ಕಿ ಹೊಟ್ಟೆಬಾಕನಂತೆ ತಿಂದು ಮೈಯಲ್ಲಿ ಕೊಬ್ಬನ್ನು ಸಂಗ್ರಹಿಸುತ್ತದೆ. ದೂರದ ಪ್ರಯಾಣ ಕೈಗೊಳ್ಳುವ ಕೆಲವು ಜಾತಿಗಳಲ್ಲಿ ದೇಹದ ತೂಕ ಬಹುತೇಕ ಇಮ್ಮಡಿಯಾಗುವುದುಂಟು. ಕೊಬ್ಬೇ ಏಕೆ? ಒಂದು ಗ್ರಾಂ ಪಿಷ್ಟ ಸುಮಾರು ನಾಲ್ಕು ಕಿಲೋಕ್ಯಾಲರಿ ಶಕ್ತಿಯನ್ನು ಕೊಟ್ಟರೆ ಒಂದು ಗ್ರಾಂ ಕೊಬ್ಬು ಒಂಬತ್ತನ್ನು ಕೊಡುತ್ತದೆ. ಅದು ದೇಹದಲ್ಲಿ ಉರಿದಾಗ ಒಂದು ಗ್ರಾಮಿಗಿಂತ ತುಸು ಹೆಚ್ಚು ನೀರೂ ಉತ್ಪತ್ತಿಯಾಗುತ್ತದೆ. ಹಗುರವಾದ ಬುತ್ತಿ, ಅದರೊಳಗೇ ಕುಡಿಯುವ ನೀರು! ಬಾರ್‌ಟೇಲ್ಡ್ ಗಾಡ್ವಿಟ್ ಎಂಬ ಹಕ್ಕಿ ಹೊರಡುವ ಸಮಯಕ್ಕೆ ತನ್ನ ಜಠರ, ಕರುಳು, ಯಕೃತ್ತುಗಳನ್ನು ಕೂಡ ಕುಗ್ಗಿಸಿಕೊಂಡಿರುತ್ತದೆಂದು 1998ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ದಾರಿಯಲ್ಲಿ ಊಟವಿಲ್ಲದ ಮೇಲೆ ಅಡಿಗೆಯ ಪಾತ್ರೆಗಳನ್ನು ಹೊರುವುದೇಕೆ?

ಈ ಗಾಡ್ವಿಟ್ಟಿನ ಮರಿಯೊಂದು 2022ರ ಅಕ್ಟೋಬರಿನಲ್ಲಿ ಅಲಾಸ್ಕದಿಂದ ಹೊರಟು, ಎಲ್ಲಿಯೂ ಇಳಿಯದೆ, 11 ದಿನಗಳಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ತಾಸ್ಮೇನಿಯ ದ್ವೀಪವನ್ನು ಮುಟ್ಟಿತು. ಅದರ ಮೈಗೆ ಕಟ್ಟಿದ್ದ ಪುಟ್ಟ ಯಂತ್ರ ಉಪಗ್ರಹದ ಮೂಲಕ ಕಳುಹಿಸಿದ ವರದಿಯಂತೆ ಅದು ಹಾರಿದ ದೂರ 13,560 ಕಿಲೋಮೀಟರು. ಆಗ ಅದರ ವಯಸ್ಸು ಐದು ತಿಂಗಳು. ಇಲ್ಲಿ ಇನ್ನೊಂದು ವಿಸ್ಮಯವಿದೆ. ತೀರಪಕ್ಷಿಗಳ ಅನೇಕ ಜಾತಿಗಳಲ್ಲಿ ತಾಯಿತಂದೆಗಳು ಮೊದಲು ಹೊರಟುಹೋಗುತ್ತವೆ. ಮರಿಗಳು ಕೆಲವು ವಾರಗಳ ಅನಂತರ, ಹಿಂದೆಂದೂ ಕಾಣದ ದಾರಿಯಲ್ಲಿ, ಹಿರಿಯರ ನೆರವಿಲ್ಲದೆ ಬರುತ್ತವೆ. ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಇವು ಮೂರೂ ವಲಸೆಹಕ್ಕಿಗಳಿಗೆ ದಿಕ್ಕನ್ನು ತಿಳಿಸಬಲ್ಲವೆಂದು ಪ್ರಯೋಗಗಳಿಂದ ಗೊತ್ತಾಗಿದೆ. ಹೊರಡಬೇಕಾದ ದಿಕ್ಕು ಹುಟ್ಟಿನಿಂದಲೇ ಅವುಗಳಲ್ಲಿ ನೆಲೆಸಿರುತ್ತದೆ.

ಉಂಗುರ ಹೇಳಿದ ಕಥೆ

ಹಕ್ಕಿ ಎಲ್ಲಿಂದ ಬಂದಿತೆಂದು ತಿಳಿಯುವ ಹಳೆಯ ಉಪಾಯ ಬಹು ಸರಳವಾದುದು. ಹಕ್ಕಿಯನ್ನು ಬಲೆಯಿಂದ ಹಿಡಿದು, ಅಂಕಿ ಮತ್ತು ವಿಳಾಸವನ್ನು ಕೆತ್ತಿದ ಹಗುರವಾದ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ ಬಿಟ್ಟುಬಿಡುವುದು; ಮುಂದೆ ಅದು ಬೇರೆಲ್ಲಿಯಾದರೂ ಸಿಕ್ಕಿದಾಗ ಆ ವಿಳಾಸಕ್ಕೆ ಸುದ್ದಿ ಬರುವುದು. ಡೆನ್ಮಾರ್ಕಿನ ಉಪಾಧ್ಯಾಯರಾದ ಮಾರ್ಟೆನ್‌ಸೆನ್ ಎಂಬವರು 1899ರಲ್ಲಿ ಇದನ್ನು ಕ್ರಮಬದ್ಧವಾಗಿ ಆರಂಭಿಸಿದರು.

ಭಾರತದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವುದಕ್ಕೆ ಕರ್ನಾಟಕದ ಒಂದು ರೋಗವೂ ಕಾರಣವಾಯಿತೆಂಬುದು ಸ್ವಾರಸ್ಯವಾದ ಸಂಗತಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹರಡಿತು. ಮಂಗನ ಕಾಯಿಲೆಯೆಂದು ಹೆಸರಾದ ಈ ರೋಗದ ವೈರಸ್ಸು ರಷ್ಯದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸನ್ನು ಹೋಲುತ್ತಿದ್ದಿತು. ಹಾಗಾದರೆ ವಲಸೆಯ ಹಕ್ಕಿಗಳೇ ಸೈಬೀರಿಯದಿಂದ ಉಣ್ಣೆಗಳನ್ನು ಹೊತ್ತು ತಂದಿರಬಹುದೇ? ಈ ಸಂಶಯವನ್ನು ಪರೀಕ್ಷಿಸುವುದಕ್ಕಾಗಿ, 1950ರ ದಶಕದ ಕೊನೆಯಿಂದ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಡಾಕ್ಟರ್ ಸಲೀಂ ಅಲಿ ಅವರ ನೇತೃತ್ವದಲ್ಲಿ ವಲಸೆಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆಯನ್ನು ಕೈಗೊಂಡಿತು. ಹಕ್ಕಿಗಳು ರೋಗವನ್ನು ತಂದುವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ರೋಗದ ಚಕ್ರ ನಮ್ಮ ಕಾಡಿನ ಉಣ್ಣೆಗಳಲ್ಲಿಯೂ ಸಣ್ಣ ಪ್ರಾಣಿಗಳಲ್ಲಿಯೂ ನಡೆಯುತ್ತದೆಂದು ತಿಳಿಯಿತು. ಆದರೆ ಆ ಅಪವಾದದ ವಿಚಾರಣೆಯಿಂದ ಹಕ್ಕಿಗಳ ದಾರಿಗಳ ಬಗ್ಗೆ ಅಪಾರವಾದ ತಿಳಿವಳಿಕೆ ನಮಗೆ ಲಭಿಸಿತು.

ಕೆಸರೆಂಬ ಉಗ್ರಾಣ

ಇಷ್ಟು ಕಷ್ಟಪಟ್ಟು ಬಂದ ಹಕ್ಕಿಗೆ ಕೆರೆಯಂಗಳದಲ್ಲಿ ಏನು ದೊರೆಯುತ್ತದೆ? ಒಂದು ಹಿಡಿ ಕೆಸರನ್ನು ತೆಗೆದು, ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ, ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಮಣ್ಣು ಜಾರಿಹೋದ ಮೇಲೆ ದಾರದ ತುಂಡಿನಂಥ ಕೆಂಪು ಹುಳುಗಳು ಹೊರಳಾಡುವುದು ಕಾಣುತ್ತದೆ. ಇವು ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ, ಕೈರೋನೊಮಿಡ್ ಎಂಬ ನೊಣಗಳ ಮರಿಗಳು. ನಮ್ಮ ರಕ್ತದಲ್ಲಿರುವಂತೆಯೇ ಇವುಗಳಲ್ಲಿಯೂ ಹೀಮೊಗ್ಲೋಬಿನ್ ಇದೆ, ಆದುದರಿಂದಲೇ ಕೆಂಪು. ಆಮ್ಲಜನಕ ತೀರ ಕಡಮೆಯಾದ ಕೆಸರಿನೊಳಗೆ ಬದುಕುವುದಕ್ಕೆ ಇದು ಸಹಾಯಕ. ಇವಲ್ಲದೆ ಸಣ್ಣ ಎರೆಹುಳುಗಳು, ಬಸವನಹುಳುಗಳು, ಜೀರುಂಡೆಗಳ ಮರಿಗಳು ಇವೂ ಕೆಸರಿನಲ್ಲಿರುತ್ತವೆ.

ಈ ಜೀವಿಗಳಿಗೆ ಆಹಾರ ಯಾವುದು? ಕೆರೆ ಇಳಿದಾಗ ಅಂಗಳದಲ್ಲಿ ಹುಲ್ಲು ಬೆಳೆಯುತ್ತದೆ, ದನಕುರಿಗಳು ಮೇದು ಸಗಣಿ ಹಿಕ್ಕೆಗಳನ್ನು ಬಿಡುತ್ತವೆ. ಮಳೆ ಬಂದು ನೀರು ಏರಿದಾಗ ಇವೆಲ್ಲ ಮುಳುಗಿ ಕೊಳೆಯುತ್ತವೆ. ಕೊಳೆತುದನ್ನು ಬ್ಯಾಕ್ಟೀರಿಯಗಳು ತಿನ್ನುತ್ತವೆ, ಇವೆರಡನ್ನೂ ಹುಳುಗಳು ತಿನ್ನುತ್ತವೆ. ಕೆಸರಿನಿಂದ ಏಳುವ ಕೊಳೆತ ಮೊಟ್ಟೆಯ ವಾಸನೆ ಹೈಡ್ರೊಜನ್ ಸಲ್ಫೈಡ್ ಅನಿಲದ್ದು. ಅದು ಈ ಬ್ಯಾಕ್ಟೀರಿಯಗಳ ಕೆಲಸದ ಗುರುತು. ಹೀಗೆ ಮುಳುಗುವುದೂ ಒಣಗುವುದೂ ಸರದಿಯಿಂದ ನಡೆಯುವುದರಿಂದಲೇ ಅಂಗಳದ ಕೆಸರು ಇಷ್ಟು ಸಮೃದ್ಧವಾಗಿರುತ್ತದೆ.

ಕೊಕ್ಕಿನ ಅಳತೆ, ಕಾಲಿನ ಅಳತೆ

ಒಂದೇ ಕೆಸರಿನಲ್ಲಿ ಎಂಟು ಹತ್ತು ಜಾತಿಯ ಹಕ್ಕಿಗಳು ಜಗಳವಿಲ್ಲದೆ ತಿನ್ನುವುದು ಹೇಗೆ? ಅವುಗಳ ಕೊಕ್ಕುಗಳನ್ನು ಗಮನಿಸಿದರೆ ಉತ್ತರ ಸಿಕ್ಕುತ್ತದೆ. ಪ್ಲವರ್‌ಗಳ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಅವು ಕಣ್ಣಿನಿಂದ ಬೇಟೆಯಾಡುತ್ತವೆ: ನಾಲ್ಕು ಹೆಜ್ಜೆ ಓಡುವುದು, ಥಟ್ಟನೆ ನಿಲ್ಲುವುದು, ಮೇಲ್ಮೈಯಲ್ಲಿ ಕದಲಿದ ಹುಳುವನ್ನು ಕುಕ್ಕುವುದು. ಸ್ಟಿಂಟ್ ಹೊಲಿಗೆಯ ಯಂತ್ರದ ಸೂಜಿಯಂತೆ ಎಡೆಬಿಡದೆ ಕೆಸರಿನ ಮೇಲ್ಪದರವನ್ನು ಚುಚ್ಚುತ್ತ ಸಾಗುತ್ತದೆ. ಉಲ್ಲಂಕಿ, ಗಾಡ್ವಿಟ್‌ಗಳ ಉದ್ದವಾದ ಕೊಕ್ಕು ಕಣ್ಣಿಗೆ ಕಾಣದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಅವು ಸ್ಪರ್ಶದಿಂದಲೇ ಆಹಾರವನ್ನು ಗುರುತಿಸಬೇಕು. ಈ ಹಕ್ಕಿಗಳ ಕೊಕ್ಕಿನ ತುದಿ ನರಾಗ್ರಗಳಿಂದ ತುಂಬಿದೆ. ಅಲ್ಲದೆ, ಕೊಕ್ಕಿನ ಉಳಿದ ಭಾಗವನ್ನು ತೆರೆಯದೆ ಮೇಲ್ಕೊಕ್ಕಿನ ತುದಿಯನ್ನಷ್ಟೇ ಎತ್ತಿ, ಕೆಸರಿನೊಳಗೇ ಹುಳುವನ್ನು ಇಕ್ಕಳದಂತೆ ಹಿಡಿಯಬಲ್ಲ ಶಕ್ತಿ ಅವಕ್ಕಿದೆ.

ಇನ್ನೂ ಆಶ್ಚರ್ಯಕರವಾದುದೊಂದು ಉಂಟು. ನಾಟ್ ಎಂಬ ತೀರಪಕ್ಷಿಯ ಮೇಲೆ ಹಾಲೆಂಡಿನ ವಿಜ್ಞಾನಿಗಳು ನಡೆಸಿದ ಪ್ರಯೋಗಗಳಿಂದ, ಆ ಹಕ್ಕಿ ಒದ್ದೆ ಮರಳಿನಲ್ಲಿ ಹುದುಗಿದ ಗಟ್ಟಿ ಪದಾರ್ಥವನ್ನು ಮುಟ್ಟದೆಯೇ ಪತ್ತೆಹಚ್ಚುವುದೆಂದು 1998ರಲ್ಲಿ ತಿಳಿದುಬಂದಿತು. ಕೊಕ್ಕನ್ನು ಚುಚ್ಚಿದಾಗ ಮರಳಿನ ಕಣಗಳ ನಡುವಣ ನೀರಿನಲ್ಲಿ ಒತ್ತಡ ಹರಡುತ್ತದೆ. ಚಿಪ್ಪೊಂದು ಅಡ್ಡವಿದ್ದರೆ ಆ ಒತ್ತಡದಲ್ಲಿ ವ್ಯತ್ಯಾಸವಾಗುತ್ತದೆ. ಕೊಕ್ಕಿನ ತುದಿ ಅದನ್ನು ಗ್ರಹಿಸುತ್ತದೆ. ಈ ಉಪಾಯ ಒಣಮರಳಿನಲ್ಲಿ ನಡೆಯದು, ನಡುವೆ ನೀರಿರಬೇಕು. ತೀರಪಕ್ಷಿಗೆ ಒದ್ದೆ ಕೆಸರು ಎಷ್ಟು ಮುಖ್ಯವೆಂಬುದು ಇದರಿಂದಲೂ ವಿದಿತವಾಗುತ್ತದೆ.

ಒಂದು ಸಣ್ಣ ಲೆಕ್ಕ

ಈಗ ಮೂರನೆಯ ಪ್ರಶ್ನೆಗೆ ಬರೋಣ. ತೀರಪಕ್ಷಿ ಈಜಿ ಆಹಾರ ಹುಡುಕುವ ಬಾತುಕೋಳಿಯಲ್ಲ, ಅದು ನಡೆಯಬೇಕು. ಸ್ಟಿಂಟ್ ಸುಮಾರು ಎರಡು ಸೆಂಟಿಮೀಟರು ಆಳದವರೆಗೆ, ಮಧ್ಯಮ ಗಾತ್ರದ ಗದ್ದೆಗೊರವ ಐದು ಸೆಂಟಿಮೀಟರಿನವರೆಗೆ, ಗಾಡ್ವಿಟ್ ಹತ್ತರವರೆಗೆ, ಮೆಟ್ಟುಗಾಲು ಹಕ್ಕಿ ಹದಿನೈದರವರೆಗೆ ನಡೆಯಬಲ್ಲವೆಂದು ಸ್ಥೂಲವಾಗಿ ಇಟ್ಟುಕೊಳ್ಳೋಣ.

ಅಂಗಳದ ಇಳಿಜಾರು 200ಕ್ಕೆ 1 ಎಂದು ಭಾವಿಸಿ. ಎಂದರೆ 200 ಸೆಂಟಿಮೀಟರು ಮುಂದೆ ಹೋದರೆ ನೆಲ ಒಂದು ಸೆಂಟಿಮೀಟರು ತಗ್ಗುತ್ತದೆ. ಆಗ ಸ್ಟಿಂಟಿಗೆ ನೀರಂಚಿನಿಂದ ನಾಲ್ಕು ಮೀಟರು ಅಗಲದ ಪಟ್ಟಿ ಸಿಕ್ಕುತ್ತದೆ. ಗದ್ದೆಗೊರವಕ್ಕೆ ಹತ್ತು ಮೀಟರು, ಗಾಡ್ವಿಟ್ಟಿಗೆ ಇಪ್ಪತ್ತು, ಮೆಟ್ಟುಗಾಲಿಗೆ ಮೂವತ್ತು. ಪಂಕ್ತಿಯಲ್ಲಿ ಎಲೆ ಹಾಕಿದಂತೆ ಎಲ್ಲರಿಗೂ ಬೇರೆ ಬೇರೆ ಸ್ಥಳ. ಇದೇ ಕೆರೆಗೆ 45 ಡಿಗ್ರಿ ಇಳಿಜಾರಿನ ಕಲ್ಲುದಡವನ್ನು ಕಟ್ಟಿದರೆ ಹದಿನೈದು ಸೆಂಟಿಮೀಟರು ಆಳ ದಡದಿಂದ ಹದಿನೈದೇ ಸೆಂಟಿಮೀಟರು ದೂರದಲ್ಲಿರುತ್ತದೆ. ನಾಲ್ಕು ಜಾತಿಯ ಹಕ್ಕಿಗಳಿಗೂ ಸೇರಿ ದೊರೆಯುವ ಜಾಗ ಒಂದು ಗೇಣಿಗೂ ಕಡಮೆ!

ಇನ್ನೊಂದು ಲೆಕ್ಕ. ಬಿಸಿಲಿರುವ ದಿನ ಕೆರೆಯ ನೀರು ಆವಿಯಾಗಿ ಅರ್ಧ ಸೆಂಟಿಮೀಟರು ಇಳಿಯಿತೆನ್ನಿ. ನಮ್ಮ ಅಂಗಳದಲ್ಲಿ ನೀರಂಚು ಅಷ್ಟರಿಂದಲೇ ಒಂದು ಮೀಟರು ಹಿಂದೆ ಸರಿಯುತ್ತದೆ. ಅಂಗಳದ ಅಂಚು 500 ಮೀಟರು ಉದ್ದವಿದ್ದರೆ ಆ ದಿನ ಹೊಸದಾಗಿ ತೆರೆದ ಮೆತ್ತನೆಯ ಕೆಸರು 500 ಚದರ ಮೀಟರು. ನಿನ್ನೆಯ ಕೆಸರು ಒಣಗಿ ಗಟ್ಟಿಯಾಗುವ ವೇಳೆಗೆ ಇಂದಿನದು ಸಿದ್ಧವಾಗಿರುತ್ತದೆ. ಕಲ್ಲುದಡದಲ್ಲಿಯಾದರೋ ಅದೇ 500 ಮೀಟರಿಗೆ ಮೂರೂವರೆ ಚದರ ಮೀಟರು ಕಲ್ಲು ಒದ್ದೆಯಾಗಿ ಕಾಣುತ್ತದೆ, ಅಷ್ಟೆ. ಆದುದರಿಂದ ಈ ಹಕ್ಕಿಗಳಿಗೆ ಮುಖ್ಯವಾದುದು ಕೆರೆಯಲ್ಲಿರುವ ನೀರಿನ ಮೊತ್ತಕ್ಕಿಂತ ನೆಲದ ಇಳಿಜಾರು. ಮತ್ತು ಆ ನೀರು ಮೆಲ್ಲನೆ ಇಳಿಯುತ್ತಿರುವುದು.

ನೋಡುವ ಕ್ರಮ

ತೀರಪಕ್ಷಿಗಳನ್ನು ನೋಡುವುದಕ್ಕೆ ಸೂರ್ಯೋದಯದ ಅನಂತರದ ಎರಡು ಗಂಟೆಗಳು ಉತ್ತಮ. ಸೂರ್ಯನು ನಿಮ್ಮ ಬೆನ್ನಿಗಿರಬೇಕು. ಇಲ್ಲವಾದರೆ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುವುವು. ಮಣ್ಣಿನ ಬಣ್ಣದ ಬಟ್ಟೆ ತೊಟ್ಟು, ನೀರಂಚಿನಿಂದ ದೂರದಲ್ಲಿ ಕುಳಿತುಕೊಳ್ಳಿ. ನೀವು ಅವುಗಳ ಬಳಿಗೆ ಹೋದರೆ ಅವು ಹಾರಿಹೋಗುತ್ತವೆ. ಕುಳಿತಿದ್ದರೆ ಅವೇ ತಿನ್ನುತ್ತ ಹತ್ತಿರ ಬರುತ್ತವೆ. ದುರ್ಬೀನು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಡೆನುಡಿಗಳಿಂದಲೇ ಹಲವನ್ನು ಗುರುತಿಸಬಹುದು. ಕೆಸರಿಗೆ ಇಳಿಯಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ಕೆಸರು ಸೊಂಟದವರೆಗೂ ಹೂತುಹೋಗುವಷ್ಟು ಆಳವಿರಬಹುದು.

ಮೊದಲು ಬಣ್ಣವನ್ನು ನೋಡಬೇಡಿ. ಎಲ್ಲವೂ ಕಂದು, ಬೂದು. ಗಾತ್ರ, ಕೊಕ್ಕಿನ ಉದ್ದ, ಕಾಲಿನ ಬಣ್ಣ, ನಡೆಯುವ ರೀತಿ, ಹಾರುವಾಗ ಸೊಂಟದ ಮೇಲೆ ಬಿಳಿಯಿದೆಯೇ ಎಂಬುದು, ಕೂಗು ಇವನ್ನು ಈ ಕ್ರಮದಲ್ಲಿ ಗಮನಿಸಿ. ಆರಂಭಕ್ಕೆ ಆರು ಹಕ್ಕಿಗಳು ಸಾಕು.

ಕಾಮನ್ ಸ್ಯಾಂಡ್‌ಪೈಪರ್: ಹಿಂಭಾಗವನ್ನು ಸದಾ ಮೇಲೆ ಕೆಳಗೆ ಆಡಿಸುತ್ತದೆ. ಭುಜದ ಮುಂದೆ ಬಿಳಿಯ ಬೆಣೆಯಾಕಾರದ ಗುರುತು. ನೀರಿಗೆ ತಗಲುವಂತೆ ಬಿರುಸಾಗಿ ರೆಕ್ಕೆ ಬಡಿದು ಹಾರುತ್ತದೆ. ಒಂಟಿ.

ವುಡ್ ಸ್ಯಾಂಡ್‌ಪೈಪರ್: ಬೆನ್ನಿನ ಮೇಲೆ ಚುಕ್ಕೆಗಳು, ಕಣ್ಣಿನ ಮೇಲೆ ಬಿಳಿಯ ಹುಬ್ಬು, ಹಳದಿ ಛಾಯೆಯ ಕಾಲು, ಹಾರುವಾಗ ಬಿಳಿಯ ಸೊಂಟ.

ಗ್ರೀನ್ ಸ್ಯಾಂಡ್‌ಪೈಪರ್: ಇದರ ಸೊಂಟವೂ ಬಿಳಿಯೇ, ಆದರೆ ಬೆನ್ನು ಹೆಚ್ಚು ಕಪ್ಪು, ರೆಕ್ಕೆಯ ಅಡಿಭಾಗವೂ ಕಪ್ಪು.

ಗ್ರೀನ್‌ಶ್ಯಾಂಕ್: ಎತ್ತರವಾದ ಹಕ್ಕಿ. ಹಸಿರು ಛಾಯೆಯ ಕಾಲು, ತುಸು ಮೇಲಕ್ಕೆ ಬಾಗಿದ ಕೊಕ್ಕು. ಹಾರುವಾಗ ಮೂರು ಸಲ ಸ್ಪಷ್ಟವಾಗಿ ಸಿಳ್ಳು ಹಾಕುತ್ತದೆ.

ಲಿಟ್ಲ್ ಸ್ಟಿಂಟ್ ಮತ್ತು ಟೆಮಿಂಕ್ಸ್ ಸ್ಟಿಂಟ್: ಎರಡೂ ಗುಬ್ಬಚ್ಚಿಯ ಗಾತ್ರ. ಮೊದಲನೆಯದರ ಕಾಲು ಕಪ್ಪು, ಎರಡನೆಯದರದು ಹಳದಿ ಹಸಿರು. ಎರಡನೆಯದು ಹುಲ್ಲಿನ ಮರೆಯಲ್ಲಿ ಮೆಲ್ಲನೆ ತೆವಳುವಂತೆ ನಡೆಯುತ್ತದೆ.

ಇವುಗಳ ಪರಿಚಯವಾದ ಮೇಲೆ ಗರಿಗಳ ಸ್ಥಿತಿಯನ್ನು ನೋಡಿ. ಆಗಸ್ಟಿನಲ್ಲಿ ಬರುವ ಪ್ರಾಯದ ಹಕ್ಕಿಗಳ ಗರಿ ಸವೆದು ಮಾಸಿರುತ್ತದೆ. ಅನಂತರ ಬರುವ ಮರಿಗಳ ಗರಿಗಳು ಹೊಚ್ಚಹೊಸವು. ಒಂದೊಂದು ಗರಿಗೂ ತಿಳಿಬಣ್ಣದ ಅಂಚು ಕಟ್ಟಿರುತ್ತದೆ. ಅಂಥ ಹಕ್ಕಿಯೊಂದನ್ನು ಕಂಡರೆ, ಅದು ಈ ಬೇಸಗೆಯಲ್ಲಿ ಹುಟ್ಟಿದುದು, ಈ ಕೆರೆಯನ್ನು ಮೊದಲ ಬಾರಿಗೆ ನೋಡುತ್ತಿರುವುದು ಎಂದು ತಿಳಿಯಿರಿ.

ಕೆಸರಿಗೆ ಒದಗಿದ ವಿಪತ್ತು

ಬೆಂಗಳೂರೇ ಮೊದಲಾದ ನಗರಗಳಲ್ಲಿ ಕೆರೆಗಳ ಪುನರುಜ್ಜೀವನದ ಕೆಲಸ ಅನೇಕ ವರ್ಷಗಳಿಂದ ನಡೆದಿದೆ. ಕೊಳಚೆ ತುಂಬಿ ಸಾಯುತ್ತಿದ್ದ ಕೆರೆಗಳಲ್ಲಿ ಮತ್ತೆ ನೀರು ನಿಂತಿರುವುದು ಸಂತೋಷದ ಸಂಗತಿಯೇ. ಆದರೆ ಎಷ್ಟೋ ಕಡೆಗಳಲ್ಲಿ ಅಂಗಳವನ್ನೂ ಬಟ್ಟಲಿನಂತೆ ಅಗೆದು, ಸುತ್ತಲೂ ಏರಿ ಹಾಕಿ, ಕಲ್ಲು ಹಾಸಿ, ನಡಿಗೆಯ ದಾರಿಯನ್ನು ಮಾಡಿದ್ದಾರೆ. ಕೆರೆಗೆ ಇದ್ದ ಎರಡು ಮುಖಗಳಲ್ಲಿ ಒಂದು ಅಳಿಸಿಹೋಗಿದೆ.

ನನಗೆ ವಿದ್ಯಾರ್ಥಿದೆಸೆಯಿಂದ ಪರಿಚಿತವಾದ ಕೆರೆಯೊಂದಿದೆ. ಅದರ ಅಂಗಳದಲ್ಲಿಯೇ ನಾನು ಮೊದಲ ಸ್ಟಿಂಟನ್ನು ಕಂಡುದು. ಕೆಲವು ವರ್ಷಗಳ ಹಿಂದೆ ಅದನ್ನು ಮೇಲೆ ಹೇಳಿದಂತೆ ಅಗೆದು ಅಂದಗೊಳಿಸಿದರು. ಅದೇ ಶರತ್ಕಾಲದಲ್ಲಿ ಹೋಗಿ ನೋಡಿದೆ. ನೀರು ಮೊದಲಿಗಿಂತ ಹೆಚ್ಚಾಗಿದ್ದಿತು, ಸ್ವಚ್ಛವಾಗಿಯೂ ಇದ್ದಿತು. ಬೆಳಗಿನ ಮೂರು ಗಂಟೆಗಳ ಕಾಲ ಸುತ್ತಿದರೂ ಸಿಕ್ಕಿದುದು ಕಲ್ಲುಗಳ ಮೇಲೆ ಬಾಲವಾಡಿಸುತ್ತಿದ್ದ ಎರಡು ಕಾಮನ್ ಸ್ಯಾಂಡ್‌ಪೈಪರ್‌ಗಳು ಮಾತ್ರ. ಅವಕ್ಕೆ ಕಲ್ಲಿನ ದಡ ಒಗ್ಗುತ್ತದೆ. ಉಳಿದವು ರಾತ್ರಿಯ ದಾರಿಯಲ್ಲಿ ಬಂದು, ಇಳಿಯಲು ಸ್ಥಳ ಕಾಣದೆ, ಮುಂದಕ್ಕೆ ಹೋಗಿರಬೇಕು. ಎಲ್ಲಿಗೆ ಹೋದವು?

ಭಾರತದ ಪಕ್ಷಿಗಳ ಸ್ಥಿತಿಗತಿಗಳ ಬಗ್ಗೆ 2020ರಲ್ಲಿಯೂ 2023ರಲ್ಲಿಯೂ ಪ್ರಕಟವಾದ ವರದಿಗಳು ಹವ್ಯಾಸಿ ವೀಕ್ಷಕರ ಟಿಪ್ಪಣಿಗಳನ್ನೇ ಆಧಾರವಾಗಿಟ್ಟುಕೊಂಡವು; ವಲಸೆಯ ತೀರಪಕ್ಷಿಗಳು ಇಳಿಮುಖವಾಗಿವೆಯೆಂದು ಅವು ತಿಳಿಸಿವೆ. ಇದಕ್ಕೆ ಕಾರಣಗಳು ಹಲವು. ಅವು ಮೊಟ್ಟೆಯಿಡುವ ಪ್ರದೇಶದಲ್ಲಿಯೂ ಇರಬಹುದು, ದಾರಿಯಲ್ಲಿಯೂ ಇರಬಹುದು, ನಮ್ಮಲ್ಲಿಯೂ ಇರಬಹುದು. ಸೈಬೀರಿಯದ ಕೆಲಸ ನಮ್ಮ ಕೈಯಲ್ಲಿಲ್ಲ. ನಮ್ಮೂರಿನ ಕೆರೆಯಂಗಳ ನಮ್ಮದು. ಹೂಳು ತೆಗೆಯುವುದು ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ರೈತರ ಹಳೆಯ ಪದ್ಧತಿ. ಅದರಿಂದ ಹೊಲಕ್ಕೂ ಹಿತ, ಕೆರೆಗೂ ಹಿತ. ಏರಿಯ ಕಡೆ ಎಷ್ಟು ಬೇಕಾದರೂ ಆಳ ಮಾಡಲಿ. ಹಳ್ಳ ಬಂದು ಸೇರುವ ಕಡೆ ಹಳೆಯ ಇಳಿಜಾರನ್ನು ಹಾಗೆಯೇ ಬಿಟ್ಟರೆ ಸಾಕು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಈ ಮೂರೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದುವು. ಪಟ್ಟಿಗೆ ಸೇರದ ಸಾವಿರಾರು ಕೆರೆಗಳ ಹೊಣೆ ಆಯಾ ಊರಿನವರದೇ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ನಿಮ್ಮ ಮನೆಗೋ ಶಾಲೆಗೋ ಹತ್ತಿರವಾದ ಒಂದು ಕೆರೆಯನ್ನು ಆರಿಸಿಕೊಳ್ಳಿ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಪ್ರತಿ ಭಾನುವಾರ ಬೆಳಗ್ಗೆ ಅದೇ ಹೊತ್ತಿಗೆ, ಅದೇ ಸ್ಥಳದಲ್ಲಿ, ಒಂದು ಗಂಟೆ ಕುಳಿತು ನೋಡಿ. ಮೊದಲ ದಿನ, ಕೆರೆಯ ನೆಲವನ್ನು ಬಲ್ಲ ಊರಿನವರೊಬ್ಬರ ನೆರವಿನಿಂದ, ಗಟ್ಟಿ ನೆಲವಿರುವ ಕಡೆ ನೀರಂಚಿನಲ್ಲಿ ಒಂದು ಗೂಟ ನೆಡಿ. ಪ್ರತಿ ವಾರವೂ ಗೂಟದಿಂದ ನೀರಂಚು ಎಷ್ಟು ಮೀಟರು ಸರಿದಿದೆಯೆಂದು ಹೆಜ್ಜೆಯಿಂದ ಅಳೆಯಿರಿ. ಪುಸ್ತಕದಲ್ಲಿ ದಿನಾಂಕ, ನೀರಂಚಿನ ದೂರ, ಹಕ್ಕಿಯ ಜಾತಿ, ಸಂಖ್ಯೆ ಇವನ್ನು ಬರೆಯಿರಿ. ಗುರುತು ಸಿಕ್ಕದ ಹಕ್ಕಿಯನ್ನು ಗುರುತು ಸಿಕ್ಕಲಿಲ್ಲವೆಂದೇ ಬರೆಯಿರಿ. ಊಹಿಸಿ ಹೆಸರಿಡುವುದಕ್ಕಿಂತ ಅದು ಮೇಲು. ಹಕ್ಕಿಯೇ ಇಲ್ಲದ ದಿನವನ್ನೂ ಬಿಡದೆ ಬರೆಯಿರಿ. ಋತುವಿನ ಕೊನೆಗೆ ನೀರಂಚಿನ ದೂರವನ್ನೂ ಹಕ್ಕಿಗಳ ಸಂಖ್ಯೆಯನ್ನೂ ಒಂದೇ ನಕ್ಷೆಯಲ್ಲಿ ಎಳೆದು ನೋಡಿ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯದ ಅನೇಕ ದೇಶಗಳಲ್ಲಿ ನಡೆಯುವ ನೀರುಹಕ್ಕಿಗಳ ಗಣತಿಯಲ್ಲಿಯೂ ನೀವು ಭಾಗವಹಿಸಬಹುದು.

ಇದು ಸಣ್ಣ ಕೆಲಸವೆಂದು ಭಾವಿಸಬೇಡಿ. ಮುಂದೊಂದು ದಿನ ನಿಮ್ಮ ಕೆರೆಯನ್ನು ಅಗೆಯುವ ಯೋಜನೆ ಬಂದಾಗ, ಅಂಗಳದಲ್ಲಿ ಏನಿದೆ ಎಂದು ಯಾರಾದರೂ ಕೇಳುತ್ತಾರೆ. ಬರಿಯ ಕೆಸರು ಎಂದು ಎಲ್ಲರೂ ಉತ್ತರ ಕೊಡುವರು. ಹಾಗಲ್ಲವೆಂದು ತಾರೀಖಿನ ಸಮೇತ ತೋರಿಸುವುದಕ್ಕೆ ಆಗ ನಿಮ್ಮ ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕವಿರುತ್ತದೆ.